ಮಾರ್ಡೇಲ್: ನೀರಿಳಿದಾಗ ಒಂದು ನಡಿಗೆ

2022ರ ಬೇಸಿಗೆಯ ಕೊನೆಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಹಾಸ್‌ವಾಟರ್ ಜಲಾಶಯ ತಗ್ಗಿ, ಮುಳುಗಿದ್ದ ಮಾರ್ಡೇಲ್ ಗ್ರೀನ್ ಎಂಬ ಪುಟ್ಟ ಹಳ್ಳಿ ಮೇಲೆ ಬಂತು. ಹೀಗೆ ನೀರಿಳಿದಾಗ ದಕ್ಷಿಣ ತುದಿಯಲ್ಲಿ ವಾಹನ ನಿಲ್ಲಿಸಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಹೊಲದ ಗೋಡೆಗಳು. ಎರಡು ಮೈಯಾಗಿ ಕಲ್ಲು ಜೋಡಿಸಿ, ನಡುವೆ ಚೂರುಕಲ್ಲು ತುಂಬಿ, ಗಾರೆಯಿಲ್ಲದೆ ಕಟ್ಟಿದವು. ನೀರು ಏರಲಿ ಇಳಿಯಲಿ, ಸಂದುಗಳಲ್ಲಿ ಹಾದುಹೋಗುವುದರಿಂದ ಒತ್ತಡ ನಿಲ್ಲುವುದಿಲ್ಲ. ಹಾಗಾಗಿ ಹಲವು ಕಡೆ ಇನ್ನೂ ಸಾಲುಗೆಟ್ಟಿಲ್ಲ. ಮನೆಗಳಿದ್ದಲ್ಲಿ ಮಾತ್ರ ಕಲ್ಲುಗುಪ್ಪೆ. ಮುಳುಗಡೆಗೆ ಮುಂಚೆ ಸೇನೆಯ ಎಂಜಿನಿಯರ್‌ಗಳು ಅವನ್ನು ಸಿಡಿಸಿ ಉರುಳಿಸಿದ್ದರು.

ಗೋಡೆ ಹಿಡಿದೇ ನಡೆಯಬೇಕು. ಬಯಲಿನ ಹೂಳು ಮೇಲೆ ಒಣಗಿ ಬಿರುಕುಬಿಟ್ಟಿದ್ದರೂ ಅಡಿಯಲ್ಲಿ ಹಸಿ, ಕಾಲಿಟ್ಟರೆ ಹೂತುಹೋಗುತ್ತದೆ. ಗೋಡೆಯ ಕಲ್ಲುಗಳನ್ನು ಹತ್ತಿ ತುಳಿಯುವುದು, ಕಿತ್ತೊಯ್ಯುವುದು ದಯವಿಟ್ಟು ಬೇಡ.

ಹಿಮನದಿ ಕೊರೆದ ಕಣಿವೆಯಿದು. ಮೂರು ಕಡೆ ಕಡಿದಾದ ಗುಡ್ಡ. ಪಶ್ಚಿಮಕ್ಕೆ 828 ಮೀಟರ್ ಎತ್ತರದ ಹೈ ಸ್ಟ್ರೀಟ್ ಎಂಬ ಗುಡ್ಡ, ಅದರ ನೆತ್ತಿಯ ಮೇಲೆ ರೋಮನ್ನರ ಕಾಲದ ದಾರಿ. ಉಳುವಷ್ಟು ಸಮತಟ್ಟು ನೆಲ ಸಿಗುವುದು ತಳದಲ್ಲಷ್ಟೇ, ಊರು ನಿಂತದ್ದೂ ಅಲ್ಲೇ. ಧಾರಾಳ ಮಳೆ, ಮೊದಲೇ ಒಂದು ಕೆರೆ, ಎರಡು ಬದಿಗೂ ಗುಡ್ಡದ ಗೋಡೆ: ಅಣೆಕಟ್ಟಿಗೆ ಇನ್ನೇನು ಬೇಕು? ಮ್ಯಾಂಚೆಸ್ಟರ್ ನಗರಾಡಳಿತ ತನ್ನ ಊರಿಗೆ ನೀರು ಒಯ್ಯಲು 1919ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 1929ರಲ್ಲಿ ಕೆಲಸ ಹಿಡಿಯಿತು. ಕೆರೆಯ ಮಟ್ಟ 29 ಮೀಟರ್ ಏರಿ, ತಳದ ಆ ನೆಲವೆಲ್ಲ ಹೋಯಿತು. ಮೆಸಾಂಡ್ ಎಂಬ ಇನ್ನೊಂದು ಹಳ್ಳಿಯೂ ಅದರೊಂದಿಗೆ ಮುಳುಗಿತು.

ನನ್ನನ್ನು ಬಹಳ ಕಲಕುವುದು ಪೂರ್ವದ ಗುಡ್ಡ ಹತ್ತುವ ಹೆಣದ ದಾರಿ. ಮಾರ್ಡೇಲ್‌ನಲ್ಲಿ ಹೂಳಲು ಹಕ್ಕಿಲ್ಲದ ಕಾಲದಲ್ಲಿ ಶವವನ್ನು ಕುದುರೆಗೆ ಬಿಗಿದು, ಪಕ್ಕದ ಸ್ವಿಂಡೇಲ್ ಕಣಿವೆ ದಾಟಿ, ಶಾಪ್ ಊರಿಗೆ ಒಯ್ಯುತ್ತಿದ್ದರು. ಕೊನೆಯ ಶವ ಹೋದದ್ದು 1736ರಲ್ಲಿ. ಆಮೇಲೆ ಸತ್ತವರಿಗೆ ತಮ್ಮೂರ ಚರ್ಚಿನ ಅಂಗಳದಲ್ಲೇ ಜಾಗ ಸಿಕ್ಕಿತು. ಇನ್ನೂರು ವರ್ಷದ ನಂತರ ಅಣೆಕಟ್ಟಿಗಾಗಿ ಅದೇ ಅಂಗಳ ಅಗೆದು, 97 ಜನರ ಅವಶೇಷಗಳನ್ನು ತೆಗೆದು ಮತ್ತೆ ಶಾಪ್‌ನಲ್ಲೇ ಹೂಳಿದರು. ಚರ್ಚಿನ ಕೊನೆಯ ಪ್ರಾರ್ಥನೆ 1935ರ ಆಗಸ್ಟ್‌ನಲ್ಲಿ ನಡೆಯಿತು. ಪುಟ್ಟ ಕಟ್ಟಡ, ಟಿಕೆಟ್ ಇದ್ದವರಿಗಷ್ಟೇ ಒಳಗೆ ಜಾಗ. ಉಳಿದವರು ಹೊರಗೆ ನಿಂತು ಧ್ವನಿವರ್ಧಕದಲ್ಲಿ ಕೇಳಿದರು.

ಜಲಾಶಯ ತುಂಬಿದಾಗ ಹೋಗುವವರು ಈ ಹೆಣದ ದಾರಿಯನ್ನೇ ಹತ್ತಲಿ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್5 ನಕ್ಷೆಯಲ್ಲಿ ಇದನ್ನು ಗುರುತಿಸಿದ್ದಾರೆ. ಆರಂಭದ ಏರು ಕಡಿದಾದದ್ದು, ಮೇಲಿನ ಜವುಗು ನೆಲಕ್ಕೆ ಗಟ್ಟಿ ಬೂಟು ಬೇಕು. ಮಂಜು ಕವಿದರೆ ದಾರಿ ತಪ್ಪುವುದು ಸುಲಭ, ದಿಕ್ಸೂಚಿ ಇರಲಿ.