ಟೀವಿಗೆ ಅಂತಲೇ ಮಾಡಿದ ಕೆಲವು ಚಿಕ್ಕ ಚಿತ್ರಗಳು, ಕೆಲವು ಚಿಕ್ಕ ಧಾರಾವಾಹಿಗಳು

ಸತ್ಯಜಿತ್ ರಾಯ್ ಟೀವಿಗೆ ಅಂತ ಮಾಡಿದ ‘ಸದ್ಗತಿ’ಯನ್ನು ಎಷ್ಟು ಜನ ನೋಡಿದ್ದೀರಿ? ರಾಯ್ ಅಂದರೆ ‘ಪಥೇರ್ ಪಾಂಚಾಲಿ’ ಅನ್ನುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. 1981ರಲ್ಲಿ ದೂರದರ್ಶನಕ್ಕೆ ಮಾಡಿದ ಈ ಹಿಂದಿ ಚಿತ್ರ ಇರುವುದು ಒಂದು ಗಂಟೆಗೂ ಕಡಿಮೆ. ನನ್ನ ಮಟ್ಟಿಗೆ ಅವರ ದೊಡ್ಡ ಸಿನಿಮಾಗಳ ಪಕ್ಕದಲ್ಲೇ ಇಡಬೇಕಾದ ಕೆಲಸ ಇದು.

ಕಥೆ ಪ್ರೇಮಚಂದರದ್ದು. ದುಖಿ ಅನ್ನುವ ಚಮ್ಮಾರ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಬ್ರಾಹ್ಮಣನ ಮನೆಗೆ ಹೋಗುತ್ತಾನೆ. ಜ್ವರದಿಂದ ಎದ್ದ ಮೈ, ಹೊಟ್ಟೆಗೆ ಏನೂ ಇಲ್ಲ. ಅಂಗಳ ಗುಡಿಸು ಅಂತಾನೆ ಆ ಬ್ರಾಹ್ಮಣ, ಹೊಟ್ಟು ಹೊರು ಅಂತಾನೆ, ಆಮೇಲೆ ಒಂದು ದೊಡ್ಡ ಮರದ ಕೊರಡು ತೋರಿಸಿ ಇದನ್ನು ಸೀಳು ಅಂತಾನೆ. ದುಖಿಯಾಗಿ ಓಂ ಪುರಿ ಕೊಡಲಿ ಎತ್ತಿ ಎತ್ತಿ ಹೊಡೆಯುತ್ತಾರೆ, ಕೊರಡು ಜಪ್ಪಯ್ಯ ಅನ್ನುವುದಿಲ್ಲ. ಕೊನೆಕೊನೆಗೆ ಅವರ ಮುಖದಲ್ಲಿ ಸಿಟ್ಟೋ ಸುಸ್ತೋ ಗೊತ್ತಾಗದ ಹಾಗೆ ಎರಡೂ ಬೆರೆತು ಹೋಗುತ್ತವೆ. ಅವನು ಅಲ್ಲೇ ಸಾಯುತ್ತಾನೆ. ಹೆಣ ಮುಟ್ಟುವಂತಿಲ್ಲ. ಊರಿನ ಬ್ರಾಹ್ಮಣರು ಬಾವಿಗೆ ಹೋಗುವ ದಾರಿಯಲ್ಲೇ ಅದು ಬಿದ್ದಿದೆ. ಬೆಳಗಿನ ಜಾವ ಆ ಬ್ರಾಹ್ಮಣನ ಪಾತ್ರದ ಮೋಹನ್ ಅಗಾಶೆ ಒಬ್ಬರೇ ಬಂದು, ಕೈ ತಾಗದ ಹಾಗೆ ಕಾಲಿಗೆ ಹಗ್ಗದ ಕುಣಿಕೆ ಹಾಕಿ, ದರದರ ಎಳೆದುಕೊಂಡು ಹೋಗುತ್ತಾರೆ. ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ, ಭಾಷಣ ಇಲ್ಲ. ಆಮೇಲೆ ಬಂದು ಆ ಜಾಗಕ್ಕೆ ನೀರು ಪ್ರೋಕ್ಷಣೆ ಮಾಡುತ್ತಾರಲ್ಲ, ಅಲ್ಲಿ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ದುಖಿಯ ಹೆಂಡತಿಯಾದ ಸ್ಮಿತಾ ಪಾಟೀಲ್‌ಗೆ ಚಿಕ್ಕ ಪಾತ್ರ, ಆದರೆ ಹೆಣದ ಮುಂದೆ ಅವರು ಅಳುವುದನ್ನು ಮರೆಯೋಕೆ ಆಗಲ್ಲ.

ಇದನ್ನು ಎರಡೂವರೆ ಗಂಟೆಯ ಸಿನಿಮಾ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಮಗಳ ಪ್ರೇಮಕಥೆ ಬರುತ್ತಿತ್ತು, ಎರಡು ಹಾಡು, ಕೊನೆಗೊಂದು ದಂಗೆ. ಟೀವಿಯಲ್ಲಿ ಸಿಕ್ಕಿದ್ದು ಅಷ್ಟೇ ಹೊತ್ತು, ಆ ಹೊತ್ತಿಗೆ ತಕ್ಕಷ್ಟೇ ಕಥೆ. ಟೀವಿಯ ಈ ಕಿರಿದುತನವೇ ನನಗೆ ಇಷ್ಟ. ಥಿಯೇಟರಿಗೆ ಇದು ಸಾಲದು ಅನ್ನುವ ಎಷ್ಟೋ ಕಥೆಗಳಿಗೆ ಟೀವಿಯೇ ಸರಿಯಾದ ಅಳತೆ.

ಬಾಸು ಚಟರ್ಜಿಯವರ ‘ಏಕ್ ರುಕಾ ಹುವಾ ಫೈಸ್ಲಾ’ (1986) ಕೂಡ ಇದೇ ಜಾತಿಗೆ ಸೇರಿದ್ದು. ಇದರ ಬೇರು ಅಮೆರಿಕದ ಟೀವಿಯಲ್ಲಿದೆ. ರೆಜಿನಾಲ್ಡ್ ರೋಸ್ ಬರೆದ ‘12 ಆಂಗ್ರಿ ಮೆನ್’ 1954ರಲ್ಲಿ ಸಿಬಿಎಸ್ ಚಾನೆಲ್ಲಿನಲ್ಲಿ ನೇರವಾಗಿ ಪ್ರಸಾರವಾದ ನಾಟಕ, ಸಿನಿಮಾ ಆಗಿದ್ದು ಆಮೇಲೆ 1957ರಲ್ಲಿ. ಒಂದು ಕೋಣೆ, ಒಂದು ಮೇಜು, ಕೊಲೆ ಆರೋಪ ಹೊತ್ತ ಹುಡುಗ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನ ಮಾಡಬೇಕಾದ ಜ್ಯೂರಿಯ ಹನ್ನೆರಡು ಜನ. ಕೊಲೆಗೆ ಬಳಸಿದಂಥದೇ ಚಾಕು ಎಲ್ಲೂ ಸಿಗಲ್ಲ ಅಂತ ಎಲ್ಲರೂ ವಾದ ಮಾಡುವಾಗ ಕೆ.ಕೆ. ರೈನಾ ಅಂಥದೇ ಇನ್ನೊಂದು ಚಾಕು ತೆಗೆದು ತೋರಿಸುವ ಜಾಗ, ಮೂಲ ಗೊತ್ತಿದ್ದರೂ ಮೈ ಜುಮ್ಮೆನ್ನುತ್ತದೆ. ಮುದುಕನ ಪಾತ್ರ ಮಾಡಿದ ಅನ್ನು ಕಪೂರ್‌ಗೆ ಆಗ ಮೂವತ್ತರ ಆಸುಪಾಸು, ನಂಬೋಕೇ ಆಗಲ್ಲ. ತಕರಾರೂ ಇದೆ. ಮೂಲವನ್ನು ದೃಶ್ಯಕ್ಕೆ ದೃಶ್ಯ ಹಾಗೇ ಎತ್ತಿಕೊಂಡಿದ್ದಾರೆ. ಜ್ಯೂರಿ ಪದ್ಧತಿ ನಮ್ಮಲ್ಲಿ ಆ ಹೊತ್ತಿಗೆ ಹೋಗಿಯೇ ಬಿಟ್ಟಿತ್ತು, ಹಾಗಾಗಿ ಇದು ಯಾವ ದೇಶದ ಕೋರ್ಟು ಅನ್ನುವ ಪ್ರಶ್ನೆ ಕಾಡುತ್ತಲೇ ಇರುತ್ತದೆ. ಪಂಕಜ್ ಕಪೂರ್ ಅರಚಾಟ ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತದೆ, ಕೊನೆಯಲ್ಲಿ ಅವರು ಕುಸಿಯುವವರೆಗೆ. ಆ ಕುಸಿತ ಮಾತ್ರ ಎಲ್ಲ ಅರಚಾಟವನ್ನೂ ಮಾಫಿ ಮಾಡಿಸುತ್ತದೆ.

ಇನ್ನು ಕಾಮಿಡಿ. ‘ಯೇ ಜೋ ಹೈ ಜಿಂದಗಿ’ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ‘ಮಿಸ್ಟರ್ ಯೋಗಿ’ ನೆನಪಿದೆಯಾ? ಕೇತನ್ ಮೆಹ್ತಾ ನಿರ್ದೇಶನ, ಮಧು ರಾಯ್ ಅವರ ಗುಜರಾತಿ ಕಾದಂಬರಿ ಆಧಾರ. ಅಮೆರಿಕದಿಂದ ಹುಡುಗಿ ನೋಡಲು ಬಂದ ವರ, ರಾಶಿಗೊಬ್ಬಳಂತೆ ಹನ್ನೆರಡು ಹುಡುಗಿಯರನ್ನು ನೋಡುತ್ತಾನೆ. ಇದೇ ಕಾದಂಬರಿ 2009ರಲ್ಲಿ ‘ವಾಟ್ಸ್ ಯುವರ್ ರಾಶಿ’ ಆಯಿತು, ಪ್ರಿಯಾಂಕಾ ಚೋಪ್ರಾ ಹನ್ನೆರಡೂ ಪಾತ್ರ ಮಾಡಿದರು, ಸಿನಿಮಾ ಎಷ್ಟು ಉದ್ದ ಅಂದರೆ ಆರನೇ ರಾಶಿಗೇ ನಾನು ಸುಸ್ತಾದೆ. ಟೀವಿಯಲ್ಲಿ ವಾರಕ್ಕೊಂದು ಹುಡುಗಿ, ವಾರಕ್ಕೊಂದು ಮನೆ, ಆ ಮನೆಯ ತಿಂಡಿ, ಆ ಮನೆಯ ಮಾವ. ಮೋಹನ್ ಗೋಖಲೆ ಗಾಬರಿ ಮುಖದಲ್ಲಿ ಕೂತರೆ ಸಾಕು, ನಗು ತಾನಾಗೇ ಬರುತ್ತದೆ. ಮಧ್ಯೆ ಮಧ್ಯೆ ಓಂ ಪುರಿ ಸೂತ್ರಧಾರನಾಗಿ ಬಂದು ಅವನ ಕಾಲೆಳೆಯುತ್ತಾರೆ. ಹೌದು, ಸದ್ಗತಿಯ ಅದೇ ಓಂ ಪುರಿ. ಹುಡುಗಿಯರನ್ನು ತರಕಾರಿ ಆರಿಸುವ ಹಾಗೆ ಆರಿಸುವುದು ಈಗ ನೋಡಿದರೆ ಕಿರಿಕಿರಿ ಆಗುತ್ತದೆ, ಆದರೆ ಪೇಚಿಗೆ ಸಿಕ್ಕುವವನು ಪ್ರತಿ ಸಲ ಅವನೇ, ಅದೊಂದು ಸಮಾಧಾನ.

ಜಸ್‌ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ 1989ರದ್ದು, ಇರುವುದೇ ಹತ್ತು ಕಂತು. ಸೆಟ್ಟು ಸಾದಾ, ಕೆಲವರ ನಟನೆ ಶಾಲಾ ವಾರ್ಷಿಕೋತ್ಸವದ ಮಟ್ಟದ್ದು. ಆದರೂ ಪಿಎಚ್‌ಡಿ ಕಂತು ನೋಡಿ. ಗೈಡ್ ತನ್ನ ವಿದ್ಯಾರ್ಥಿ ಹತ್ತಿರ ಮನೆಗೆಲಸ ಮಾಡಿಸಿಕೊಳ್ಳುವ ಕಥೆ. ಯೂನಿವರ್ಸಿಟಿಯಲ್ಲಿ ಓದಿದ ಯಾರನ್ನೇ ಕೇಳಿ, ಇದು ಹಳೇ ಕಥೆ ಅಂತ ಯಾರೂ ಹೇಳಲ್ಲ. ಪ್ರತಿ ಕಂತೂ ಸಿನಿಮಾ ಹಾಡಿನ ಅಣಕದಿಂದ ಮುಗಿಯುತ್ತದೆ. ಹತ್ತಕ್ಕೇ ನಿಲ್ಲಿಸಿದ್ದಕ್ಕೆ ಅದು ಇವತ್ತಿಗೂ ಹಳಸಿಲ್ಲ.

ನಮ್ಮಲ್ಲಿ ‘ಸಿಲ್ಲಿ ಲಲ್ಲಿ’ ಬಗ್ಗೆ ನನಗೆ ತುಂಬಾ ಪ್ರೀತಿ. ರವಿಶಂಕರ್ ಗೌಡ ಅವರ ಡಾಕ್ಟರ್ ವಿಠಲ್ ರಾವ್ ಥರದ ಪಾತ್ರ ಕನ್ನಡ ಟೀವಿಯಲ್ಲಿ ಮತ್ತೆ ಬರಲೇ ಇಲ್ಲ. ಆದರೆ ದಿನಾ ಒಂದು ಕಂತು ಕೊಡಲೇಬೇಕು ಅಂದಾಗ ಯಾವ ಬರಹಗಾರನಾದರೂ ಎಷ್ಟು ಅಂತ ಬರೆದಾನು? ಅದರಿಂದ ಚೆನ್ನಾಗಿರುವ ಹದಿಮೂರು ಕಂತು ಆರಿಸಿ ಬೇರೆ ಇಟ್ಟರೆ ಯಾವ ಭಾಷೆಯ ಸಿಟ್‌ಕಾಮ್ ಪಕ್ಕದಲ್ಲಾದರೂ ನಿಲ್ಲುತ್ತದೆ. ದೂರದರ್ಶನದ ಕಾಲದ ‘ಸಿಹಿ ಕಹಿ’ ಧಾರಾವಾಹಿಯ ಹೆಸರು ಚಂದ್ರು, ಗೀತಾ ಇಬ್ಬರಿಗೂ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿದೆ. ಈಗಿನ ಹುಡುಗರಿಗೆ ಆ ಹೆಸರು ಗೊತ್ತು, ಧಾರಾವಾಹಿ ಗೊತ್ತಿಲ್ಲ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಕೊನೆಗೆ ಉಳಿಸಿಕೊಂಡಿದ್ದು ನನ್ನ ಅತಿ ಮೆಚ್ಚಿನ ಟೀವಿ ಚಿತ್ರ, ‘ಇನ್ ವಿಚ್ ಆ್ಯನಿ ಗಿವ್ಸ್ ಇಟ್ ದೋಸ್ ಒನ್ಸ್’, 1989ರದ್ದು. ಪ್ರದೀಪ್ ಕೃಷನ್ ನಿರ್ದೇಶನ, ಚಿತ್ರಕಥೆ ಅರುಂಧತಿ ರಾಯ್, ರಾಧಾ ಪಾತ್ರವೂ ಅವರದೇ. ದೆಹಲಿಯ ಆರ್ಕಿಟೆಕ್ಚರ್ ಕಾಲೇಜಿನ ಕೊನೇ ವರ್ಷದ ಹುಡುಗರ ಕಥೆ. ಆ್ಯನಿ ಅನ್ನುವವನು ವರ್ಷಗಳಿಂದ ಪಾಸಾಗದೆ ಅಲ್ಲೇ ಕೂತಿದ್ದಾನೆ. ಅವನ ತಲೆಯಲ್ಲಿ ಒಂದೇ ಯೋಜನೆ: ರೈಲ್ವೆ ಹಳಿಯ ಪಕ್ಕದಲ್ಲಿ ಜನ ಬಯಲಿಗೆ ಕೂರುತ್ತಾರೆ, ನೆಲಕ್ಕೆ ಗೊಬ್ಬರ ಬಿಟ್ಟಿ, ಹಾಗಾಗಿ ಹಳಿಯುದ್ದಕ್ಕೂ ಹಣ್ಣಿನ ಗಿಡ ನೆಡಬೇಕು. ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಇದರಲ್ಲಿ ತಪ್ಪೇನಿದೆ ಅಂತಲೂ ಅನಿಸುತ್ತದೆ. ಹುಡುಗರು ಮಾತಾಡುವುದು ಹಾಸ್ಟೆಲ್ಲಿನ ಹಿಂದಿ ಬೆರೆತ ಇಂಗ್ಲಿಷು, ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತು ಬಿಟ್ಟ ಹಾಗೆ. ಶಾರುಕ್ ಖಾನ್ ಒಂದು ಪುಟ್ಟ ಪಾತ್ರದಲ್ಲಿ ಬಂದು ಹೋಗುತ್ತಾರೆ. ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು. ದೂರದರ್ಶನ ಇದನ್ನು ರಾತ್ರಿ ತಡವಾಗಿ ಪ್ರಸಾರ ಮಾಡಿತು. ಆಮೇಲೆ ವರ್ಷಗಟ್ಟಲೆ ಇದು ಉಳಿದದ್ದು ಕೈಯಿಂದ ಕೈಗೆ ದಾಟಿದ ಮಸುಕು ಕಾಪಿಗಳಲ್ಲಿ. ನಾನು ನೋಡಿದ್ದೂ ಅಂಥ ಕಾಪಿಯನ್ನೇ, ಅರ್ಧ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ, ಮಾತು ಕೇಳಿಸೋಕೆ ಇಯರ್‌ಫೋನ್ ಹಾಕಬೇಕಾಯಿತು, ಆದರೂ ಮಧ್ಯದಲ್ಲಿ ಒಂದು ಸಲವೂ ನಿಲ್ಲಿಸಲಿಲ್ಲ.

ಇದನ್ನೆಲ್ಲ ನೋಡದವರು ಫ್ಲಾಪ್ ಶೋದಿಂದ ಶುರು ಮಾಡಿ, ಆಮೇಲೆ ಆ್ಯನಿ. ಸದ್ಗತಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಅದರ ಜೊತೆಗೆ ಇನ್ನೇನನ್ನೂ ನೋಡಬೇಡಿ. ಕನ್ನಡದಲ್ಲಿ ಟೀವಿಗೆ ಅಂತ ಮಾಡಿದ ಇಂಥ ಒಂದು ಗಂಟೆಯ ಚಿತ್ರಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ಹೆಸರು ಹೇಳಿ, ನಾನು ಹುಡುಕಿಕೊಂಡು ನೋಡುತ್ತೇನೆ.