ಮೀಟರ್ 14ರಿಂದ 2300: ಹೊಸ ಕಾರು ಪಳಗಿಸಿದ ಲೆಕ್ಕ

ಆರು ಸಿಲಿಂಡರ್, ಎರಡು ಟರ್ಬೊ, ಹಿಂಬದಿ ಚಕ್ರಗಳಿಗೆ ಶಕ್ತಿ, ಕೈಯಿಂದ ಹಾಕುವ ಗೇರು. ಎಷ್ಟೋ ವರ್ಷ ಕಾದು ತೆಗೆದುಕೊಂಡ ಕಾರು. ಕೀಲಿ ಕೈಗೆ ಬಂದ ದಿನದಿಂದ ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಓಟ ಮುಗಿದ ಮೇಲೆ ಮೀಟರ್ ಎಷ್ಟಿತ್ತು, ಏನು ಮಾಡಿದೆ, ಏನು ಕೇಳಿಸಿತು ಅಂತ ಬರೆದಿಡುತ್ತೇನೆ. ಹೊಸ ಕಾರಿನ ಭಾಗಗಳು ಒಂದಕ್ಕೊಂದು ಒಗ್ಗಿಕೊಳ್ಳುವವರೆಗೆ ಲೆಕ್ಕವಿಟ್ಟು ಓಡಿಸುವುದೇ ಪಳಗಿಸುವುದು. ಕೆಳಗಿರುವುದು ನೋಟ್‌ಬುಕ್ಕಿನಲ್ಲಿ ಮುಖ್ಯವಾದದ್ದು, ಮೀಟರ್ ಅಂದರೆ ಅಷ್ಟು ಹೊತ್ತಿಗೆ ಓಡಿದ ಕಿ.ಮೀ.

ಟೆಸ್ಟ್ ಡ್ರೈವ್

ಎರಡು ಸಲ ಓಡಿಸಿ ನೋಡಿದೆ. ಮೊದಲ ಸಲ ನಾನು ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿಯಾಗಿತ್ತು, ಹಾಗಾಗಿ ವೇಗ ಬಿಟ್ಟು ಬೇರೇನೂ ತಿಳಿಯಲಿಲ್ಲ. ಎರಡನೇ ಸಲ ಬೆಳಿಗ್ಗೆ ಮೊದಲು ನಾನೇ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡೆ. ಟೈಮಿಂಗ್ ಚೈನಿನ ಸದ್ದು, ತಣ್ಣನೆಯ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರು ಬೀಳುವಾಗಿನ ತಡೆ, ಕ್ಲಚ್ ಹಿಡಿಯುವ ಜಾಗ, ಇವೆಲ್ಲ ಮೊದಲ ಐದು ನಿಮಿಷದಲ್ಲೇ ಗೊತ್ತಾಗಬೇಕಾದವು. ಕಾರು ಕೊಳ್ಳುವವರಿಗೆಲ್ಲ ನಾನು ಇದನ್ನೇ ಹೇಳುವುದು: ಎಂಜಿನ್ ತಣ್ಣಗಿರುವಾಗ ಹೋಗಿ.

ಆ ಡೆಮೊ ಕಾರು ಸುಮಾರು 4000 ಕಿ.ಮೀ. ಓಡಿತ್ತು. ಎಂಜಿನ್ ಚೆನ್ನಾಗಿ ಬಿಚ್ಚಿಕೊಂಡಿತ್ತು, ಕಾಲಿಟ್ಟರೆ ಸಾಕು, ಸರಾಗವಾಗಿ ಎಳೆಯುತ್ತಿತ್ತು. ಆದರೆ 100ರ ವೇಗದಿಂದ ಬ್ರೇಕ್ ಒತ್ತಿದರೆ ಪೆಡಲ್ ನಡುಗುತ್ತಿತ್ತು. ಎಷ್ಟೋ ಜನ ಓಡಿಸಿದ್ದರು, ಬ್ರೇಕನ್ನು ಯಾರೂ ಪಳಗಿಸಿರಲಿಲ್ಲ. ನನ್ನ ಕಾರಿನಲ್ಲಿ ಇದಾಗಬಾರದು ಅಂತ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆದುಕೊಂಡೆ.

ಮೀಟರ್ 14

ಕಾರು ಬಂದಾಗ ಮೊದಲು ಟೈರಿನ ಗಾಳಿ ನೋಡಿದೆ. 48 ಪಿಎಸ್‌ಐ ಇತ್ತು, ಇರಬೇಕಾದದ್ದು 35. ಸಾಗಣೆಯಲ್ಲಿ ವಾರಗಟ್ಟಲೆ ನಿಂತೇ ಇರುವ ಟೈರು ಒಂದೇ ಕಡೆ ಚಪ್ಪಟೆಯಾಗಬಾರದೆಂದು ಹೆಚ್ಚು ತುಂಬಿರುತ್ತಾರೆ, ಕೊಡುವಾಗ ಇಳಿಸಲು ಮರೆತುಹೋಗಿತ್ತು. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ನಡುವೆ ಸಾಗಣೆಯ ತುಂಡುಗಳನ್ನೂ ಸಿಕ್ಕಿಸಿರುತ್ತಾರೆ. ನಾಲ್ಕೂ ಕಡೆ ಟಾರ್ಚ್ ಹಾಕಿ ನೋಡಿದೆ, ಇರಲಿಲ್ಲ.

ಕಾರ್ಖಾನೆಯಿಂದ ಹೊರಟ ಹೊಸ ಕಾರಿನ ಸದ್ದು ಕೇಳುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ವ್ಯಾಲೆಂಟಿನೊ ಬಾಲ್ಬೋನಿ 1968ರಲ್ಲಿ ಲಂಬೋರ್ಗಿನಿಗೆ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದರು, 1973ರಲ್ಲಿ ಟೆಸ್ಟ್ ಡ್ರೈವರ್ ಆದರು. ದಶಕಗಳ ಕಾಲ ಕಾರ್ಖಾನೆಯಿರುವ ಸಾಂತ್ ಅಗಾಟಾ ಊರಿನ ಸುತ್ತಲಿನ ರಸ್ತೆಗಳಲ್ಲಿ ಹೊಸ ಕಾರುಗಳನ್ನು ಓಡಿಸಿದ ಅವರ ಹೆಸರಿನಲ್ಲೇ ಕಂಪನಿ 2009ರಲ್ಲಿ 250 ಗಲ್ಲಾರ್ಡೊಗಳನ್ನು ತಂದಿತು. ಆ ಕಾಲದ ಬೇರೆ ಗಲ್ಲಾರ್ಡೊಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೆ, ಇದರಲ್ಲಿ ಹಿಂದಿನ ಎರಡಕ್ಕೆ ಮಾತ್ರ. ನನ್ನ ಕಾರನ್ನು ಹಾಗೆ ಕಿವಿಗೊಟ್ಟು ಓಡಿಸಿ ಕೊಟ್ಟವರು ಯಾರೂ ಇಲ್ಲ. 14 ಕಿ.ಮೀ. ಅಂದರೆ ಕಾರ್ಖಾನೆಯ ರೋಲರ್ ಮೇಲೆ ಒಂದಿಷ್ಟು, ಲಾರಿಗೆ ಹತ್ತಿಸಿ ಇಳಿಸಿದ್ದು ಒಂದಿಷ್ಟು. ಉಳಿದ ಕೆಲಸ ನನ್ನದೇ.

ಮೊದಲ ರಾತ್ರಿ ಕೈಪಿಡಿ ಪೂರ್ತಿ ಓದಿದೆ. ಒಬ್ಬೊಬ್ಬರ ಲೆಕ್ಕ ಒಂದೊಂದು. ಬಿಎಂಡಬ್ಲ್ಯು ಎಂ3 ಕೈಪಿಡಿಯಲ್ಲಿ ಮೊದಲ 2000 ಕಿ.ಮೀ.ವರೆಗೆ 5500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), 170 ಕಿ.ಮೀ. ವೇಗ ದಾಟಬೇಡಿ ಎಂದಿದೆ. ಪೋರ್ಷೆ 911ಕ್ಕೆ 3000 ಕಿ.ಮೀ. ಕಾಯಿಸುತ್ತಾರೆ. ಎಂಟನೇ ತಲೆಮಾರಿನ ಕಾರ್ವೆಟ್‌ನಲ್ಲಂತೂ ಮೊದಲ 500 ಮೈಲಿಯವರೆಗೆ ಕೆಳಗಿನ ಗೇರುಗಳಲ್ಲಿ ಸಾಫ್ಟ್‌ವೇರೇ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ತಗ್ಗಿಸುತ್ತದೆ. ನನ್ನದಕ್ಕೆ 2000 ಕಿ.ಮೀ. ಅವಧಿ, 5500ರ ಗೆರೆ.

ಓದುತ್ತಾ ಓದುತ್ತಾ ಒಂದು ತೊಡಕು ಕಂಡಿತು. ಟೈರಿಗೆ ಮೃದುವಾದ ಕಾಲು ಬೇಕು. ಬ್ರೇಕಿಗೆ ಶಾಖ ಬೇಕು, ಅಂದರೆ ಗಟ್ಟಿಯಾಗಿ ಒತ್ತಬೇಕು. ಎಂಜಿನ್‌ಗೆ ಲೋಡ್ ಬೇಕು, ಅಂದರೆ ಆಕ್ಸಿಲರೇಟರ್ ಒತ್ತಿ ಎಳೆಸಬೇಕು. ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ, ಡಿಫರೆನ್ಷಿಯಲ್‌ಗೆ, ಬಿಸಿಯಾಗಿ ಮತ್ತೆ ತಣಿಯಲು ಬಿಡುವು ಬೇಕು. ಒಂದೇ ಕಾರಿನೊಳಗೆ ನಾಲ್ಕು ಗಡಿಯಾರ! ಎಲ್ಲವನ್ನೂ ಒಟ್ಟಿಗೆ ಮಾಡಲಾಗದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ.

ಮೀಟರ್ 14–300

ಟೈರು ಮೊದಲು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ತೆಳು ಪದರ ಉಳಿದಿರುತ್ತದೆ, ಬೆರಳಾಡಿಸಿದರೆ ನುಣ್ಣಗೆ ಹೊಳೆಯುತ್ತದೆ. ಅದು ಸವೆಯುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ಒದ್ದೆ ರಸ್ತೆಗೆ ಇಳಿಯಲಿಲ್ಲ. ತಿರುವುಗಳಲ್ಲಿ ನಿಧಾನ. 300ರ ಹೊತ್ತಿಗೆ ಟೈರಿನ ಮೈ ಒರಟಾಗಿ, ಮಬ್ಬು ಕಪ್ಪಾಯಿತು, ನಡುವಿನ ರಬ್ಬರ್ ಕೂದಲುಗಳು ಉದುರಿದವು.

ಮೀಟರ್ 300–900

ಟೈರಿಗಾಗಿ ನಿಧಾನ ಹೋಗುತ್ತಿರುವಾಗಲೂ ಎಂಜಿನ್ ಕೆಲಸ ಶುರುವಾಗಿಯೇ ಇತ್ತು. ಆದರೆ ಲೆಕ್ಕವಿಟ್ಟು ಮಾಡಿದ್ದು ಇಲ್ಲಿಂದ.

ಹೊಸ ಎಂಜಿನ್ ಬಗ್ಗೆ ಎರಡು ಪಂಗಡಗಳಿವೆ. ಹೂವಿನಂತೆ ಓಡಿಸಿ ಅನ್ನುವವರು ಒಂದು ಕಡೆ, ಮೊದಲ ದಿನವೇ ಚಚ್ಚಿ ಅನ್ನುವವರು ಇನ್ನೊಂದು ಕಡೆ. ಸಿಲಿಂಡರ್ ಗೋಡೆ ಕನ್ನಡಿಯಂತೆ ನುಣುಪಲ್ಲ. ಕಾರ್ಖಾನೆಯಲ್ಲಿ ಕಲ್ಲಿನಿಂದ ಉಜ್ಜಿ ಹದ ಮಾಡಿದಾಗ (ಹೋನಿಂಗ್) ಬಿದ್ದ ಅಡ್ಡಗೆರೆಗಳು ಅದರ ಮೇಲೆ ಜಾಲರಿಯಂತಿರುತ್ತವೆ, ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಗೆರೆಗಳ ಏಣು ಸವೆದು ಪಿಸ್ಟನ್ ರಿಂಗು ಗೋಡೆಗೆ ಒಗ್ಗಿಕೊಳ್ಳಬೇಕು. ರಿಂಗಿನ ಸ್ವಂತ ಬಿಗಿ ಕಡಿಮೆ. ಅದನ್ನು ಗೋಡೆಗೆ ಒತ್ತಿ ಹಿಡಿಯುವುದು ಇಂಧನ ಉರಿದಾಗ ಅದರ ಹಿಂದೆ ನುಗ್ಗುವ ಅನಿಲ. ಆಕ್ಸಿಲರೇಟರ್ ಒತ್ತದಿದ್ದರೆ ಆ ಒತ್ತಡ ಹುಟ್ಟುವುದಿಲ್ಲ, ರಿಂಗು ಆಯಿಲ್ ಮೇಲೆ ತೇಲುತ್ತಾ ಹೋಗುತ್ತದೆ, ಗೋಡೆಯ ಮೇಲಿನ ಆಯಿಲ್ ಬೆಂದು ವಾರ್ನಿಶ್‌ನಂತೆ ಅಂಟುತ್ತದೆ. ಆಮೇಲೆ ಆ ಎಂಜಿನ್ ಆಯಿಲ್ ಕುಡಿಯುತ್ತಲೇ ಇರುತ್ತದೆ. ಹೂವಿನ ಪಂಗಡದವರು ಇದನ್ನು ಮರೆಯುತ್ತಾರೆ.

ಚಚ್ಚುವವರು ಮರೆಯುವುದು ಬೇರಿಂಗನ್ನು. ಪಿಸ್ಟನ್ ಮೇಲೆ ಹೋಗಿ ನಿಂತು ಮತ್ತೆ ಕೆಳಗೆ ಬರುವಾಗ ಅದನ್ನು ಹಿಡಿದ ಕನೆಕ್ಟಿಂಗ್ ರಾಡ್ ಮತ್ತು ಅದರ ತುದಿಯ ಬೇರಿಂಗ್ ಮೇಲೆ ಬೀಳುವ ಜಗ್ಗುವಿಕೆ ಆರ್‌ಪಿಎಂನ ವರ್ಗದಂತೆ ಏರುತ್ತದೆ. 5500ರಿಂದ 7000ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗದಷ್ಟು, ಆದರೆ ಆ ಜಗ್ಗುವಿಕೆ ಶೇ. 62ರಷ್ಟು ಜಾಸ್ತಿ. ಹಾಗಾಗಿ ನನ್ನ ನಿಯಮ: ಲೋಡ್ ಕೊಡು, ಆರ್‌ಪಿಎಂ ಕೊಡಬೇಡ.

ಮಾಡಿದ್ದು ಹೀಗೆ. ಬೆಳಗಿನ ಜಾವದ ಖಾಲಿ ಹೆದ್ದಾರಿ, ಮೂರನೇ ಗೇರು, 2500ರಿಂದ 4500ರವರೆಗೆ ಪೆಡಲ್ ಮುಕ್ಕಾಲರ ಹತ್ತಿರ ಒತ್ತಿ ಎಳೆಯುವುದು. ಆಮೇಲೆ ಕಾಲು ಪೂರ್ತಿ ತೆಗೆದು, ಅದೇ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್‌ನಿಂದ ಮತ್ತೆ 2500ಕ್ಕೆ ಇಳಿಸುವುದು. ಹತ್ತು ಸಲ, ನಂತರ ಹತ್ತು ನಿಮಿಷ ಸುಮ್ಮನೆ ಓಟ. ಒಂದೇ ವೇಗದಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಹೋದದ್ದು ಒಮ್ಮೆಯೂ ಇಲ್ಲ. ಆರನೇ ಗೇರಿನಲ್ಲಿ 1500ರಲ್ಲಿರುವಾಗ ಕಾಲು ಪೂರ್ತಿ ಒತ್ತಿದ್ದೂ ಇಲ್ಲ. ಟರ್ಬೊ ಎಂಜಿನ್‌ಗೆ ಅದು ನಿಜವಾದ ಹಿಂಸೆ. ಕಡಿಮೆ ತಿರುಗುವಿಕೆ, ಸಿಲಿಂಡರಿನಲ್ಲಿ ವಿಪರೀತ ಒತ್ತಡ, ಕಿಡಿ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯ.

ಇದೆಲ್ಲ ಆಯಿಲ್ ಬಿಸಿಯಾದ ಮೇಲೆ ಮಾತ್ರ. ನೀರಿನ ಮುಳ್ಳು ನಡುವೆ ಬಂದು ನಿಂತ ಮೇಲೂ ನನ್ನ ಕಾರಿನಲ್ಲಿ ಆಯಿಲ್ 80 ಡಿಗ್ರಿ ಮುಟ್ಟಲು ಇನ್ನೂ ಆರೇಳು ನಿಮಿಷ ಬೇಕು. 1998ರ ಬಿಎಂಡಬ್ಲ್ಯು ಎಂ5ನಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಸುತ್ತ ಪುಟ್ಟ ದೀಪಗಳಿದ್ದವು, ಆಯಿಲ್ ಬಿಸಿಯಾದಂತೆ ಒಂದೊಂದೇ ಆರಿ ಕೆಂಪು ಗೆರೆ ಮೇಲೆ ಸರಿಯುತ್ತಿತ್ತು. ಅಷ್ಟು ಅರ್ಥವಾಗುವ ಸಾಧನ ಎಲ್ಲ ಕಾರಿನಲ್ಲೂ ಇರಬೇಕಿತ್ತು ಎಂದು ಪ್ರತಿ ಬೆಳಿಗ್ಗೆ ಅನ್ನಿಸುತ್ತದೆ.

ಮೀಟರ್ 412

ಬ್ರೇಕ್ ದಿನ. ಟೈರಿಗೆ ಹಿಡಿತ ಬಂದಿದೆ, ಈಗ ಗಟ್ಟಿಯಾಗಿ ಒತ್ತಬಹುದು. ಉದ್ದೇಶ ಇಷ್ಟೇ: ಪ್ಯಾಡಿನ ಪದಾರ್ಥ ಬಿಸಿಯಲ್ಲಿ ಡಿಸ್ಕಿನ ಮೇಲೆ ಎಲ್ಲೆಡೆ ಒಂದೇ ಸಮನಾಗಿ ತೆಳ್ಳಗೆ ಲೇಪವಾಗಬೇಕು. 100ರಿಂದ 20ಕ್ಕೆ ಹತ್ತು ಸಲ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದೆ ಹದಿನೈದು ನಿಮಿಷ ಓಡಿಸಿ ತಣಿಸುವುದು.

ಐದನೇ ಸಲಕ್ಕೆ ರಾಳ ಸುಟ್ಟ ವಾಸನೆ ಒಳಗೆ ಬಂತು. ಅದು ಬರಬೇಕಾದದ್ದೇ. ಏಳನೇ ಸಲ, ಅಡ್ಡರಸ್ತೆಯಿಂದ ಒಂದು ಲಾರಿ ಹೆದ್ದಾರಿಗೆ ಬಂದು ಅಲ್ಲೇ ತಿರುಗಲು ಶುರು ಮಾಡಿತು. ಪೂರ್ತಿ ನಿಲ್ಲಿಸಲೇಬೇಕಾಯಿತು. ನಿಲ್ಲಿಸಿದೆ, ಅದು ಸರಿ. ತಪ್ಪು ಮಾಡಿದ್ದು ಆಮೇಲೆ: ಲಾರಿ ದಾಟುವವರೆಗೆ ಅರ್ಧ ನಿಮಿಷ ಪೆಡಲ್ ಮೇಲೇ ಕಾಲಿಟ್ಟುಕೊಂಡೆ. ನೆಲ ಸಮನಾಗಿತ್ತು, ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆದಿದ್ದರೆ ಆಗುತ್ತಿತ್ತು. ಎಂಟನೇ ಸಲ ಒತ್ತಿದಾಗ ಅಂಗಾಲಿಗೆ ಸಣ್ಣ ಮಿಡಿತ ಸಿಕ್ಕಿತು. ಡೆಮೊ ಕಾರಿನದೇ ನಡುಕ, ಇನ್ನೂ ಎಳೆಯದು.

ಮನೆಗೆ ಬಂದು ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಹಾಕಿ ನೋಡಿದೆ. ಡಿಸ್ಕ್ ಬೂದಿ ನೀಲಿಗೆ ತಿರುಗಿತ್ತು. ಎಡ ಮುಂದಿನದರಲ್ಲಿ ಮಾತ್ರ ಒಂದು ಕಡೆ ಪ್ಯಾಡಿನ ಆಕಾರದ್ದೇ ಗಾಢ ಕಲೆ, ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಹೀಗಾದಾಗ ಜನ ಡಿಸ್ಕ್ ಬೆಂಡಾಗಿದೆ ಅನ್ನುತ್ತಾರೆ. ಬಹಳಷ್ಟು ಸಲ ಬೆಂಡಾಗಿರುವುದಿಲ್ಲ, ಒಂದು ಕಡೆ ಲೇಪ ದಪ್ಪ ಕೂತಿರುತ್ತದೆ. ಹಾಗೇ ಬಿಟ್ಟರೆ ಆ ಜಾಗವೇ ಹೆಚ್ಚು ಕಾದು ಎರಕದ ಕಬ್ಬಿಣ ಗಡುಸಾಗುತ್ತದೆ, ಆಮೇಲೆ ಡಿಸ್ಕ್ ಬದಲಿಸದೆ ಗತಿಯಿಲ್ಲ.

ಮರುದಿನ ಬೆಳಿಗ್ಗೆ ಅದೇ ರಸ್ತೆ, ಹತ್ತು ಸಲ ಮತ್ತೆ, ಈ ಬಾರಿ ಇನ್ನೂ ಗಟ್ಟಿಯಾಗಿ, ಮುಂದೆ ಒಂದು ಕಿಲೋಮೀಟರ್ ಖಾಲಿ ಕಂಡರೆ ಮಾತ್ರ. ಆರನೆಯದಕ್ಕೆ ಮಿಡಿತ ತಗ್ಗಿತು. 460ರಲ್ಲಿ ಇನ್ನೊಂದು ಸರದಿ ಮುಗಿಸಿದ ಮೇಲೆ ಕಲೆಯೂ ಇಲ್ಲ, ಮಿಡಿತವೂ ಇಲ್ಲ. ಎರಡು ದಿನ ಎದೆಯ ಮೇಲೆ ಕಲ್ಲಿಟ್ಟಂತಿತ್ತು, ಇಳಿಯಿತು.

ಮೀಟರ್ 1200

ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನಿಂದ ಕೂದಲೆಳೆಯಷ್ಟು ಇಳಿದಿದೆ. ರಿಂಗು ಕೂರುವಾಗ ಇಷ್ಟು ಸಹಜ. ಎರಡನೇ ಗೇರು ಈಗ ಎರಡು ಬೆರಳಿಗೇ ಬೀಳುತ್ತದೆ. ಮಿತಿಯನ್ನು 5000ಕ್ಕೆ ಏರಿಸಿದೆ.

ಮೀಟರ್ 2004

ಮೊದಲ ಆಯಿಲ್ ಬದಲಾವಣೆ, ಜೊತೆಗೆ ಡಿಫರೆನ್ಷಿಯಲ್ ಆಯಿಲ್. ಕೆಲವು ಕಂಪನಿಗಳು ಕಾರ್ಖಾನೆಯಲ್ಲಿ ತುಂಬಿದ ಎಂಜಿನ್ ಆಯಿಲನ್ನು ಅವಧಿಗೆ ಮೊದಲು ಬದಲಿಸಬೇಡಿ ಅನ್ನುತ್ತವೆ, ಅಂಥ ಕಡೆ ಕೈಪಿಡಿಯನ್ನೇ ಕೇಳಬೇಕು. ನನ್ನದರಲ್ಲಿ 2000ಕ್ಕೆ ಬದಲಿಸಿ ಎಂದೇ ಇದೆ.

ಮೆಕ್ಯಾನಿಕ್ ಎಂಜಿನ್‌ನ ಡ್ರೇನ್ ಪ್ಲಗ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಅದರ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು, ಬೆರಳ ನಡುವೆ ತಿಕ್ಕಿದರೆ ಹರಳು ತಗುಲಲಿಲ್ಲ. ಡಿಫರೆನ್ಷಿಯಲ್ ಪ್ಲಗ್ಗಿನ ಮೇಲೆ ಅದರ ಮೂರು ಪಟ್ಟು ದಪ್ಪ ಇತ್ತು. “ಗಾಬರಿ ಬೇಡ ಸರ್, ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರ್ತಾನೇ ಇರುತ್ತೆ, ಉಜ್ಜಿ ಉಜ್ಜಿ ಕೂರೋದು ಹಾಗೇನೇ,” ಅಂದರು. ಡಿಫರೆನ್ಷಿಯಲ್ ಒಳಗಿನ ಹೈಪಾಯ್ಡ್ ಗೇರಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ. ಎಲ್ಲರೂ ಎಂಜಿನ್ ಎಂಜಿನ್ ಅನ್ನುತ್ತೇವೆ, ಮೊದಲ 2000ದಲ್ಲಿ ಹೆಚ್ಚು ಸವೆದದ್ದು ಎಂಜಿನ್ ಅಲ್ಲ, ಬೆನ್ನ ಹಿಂದಿನ ಡಿಫರೆನ್ಷಿಯಲ್.

ಹಳೆ ಆಯಿಲಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆ. ಕಬ್ಬಿಣ ಹೆಚ್ಚು, ಸಿಲಿಕಾನ್ ಕೂಡ ಹೆಚ್ಚು. ಹಳೆ ಎಂಜಿನ್‌ನಲ್ಲಾದರೆ ಸಿಲಿಕಾನ್ ಅಂದರೆ ಏರ್ ಫಿಲ್ಟರ್ ದಾಟಿ ಧೂಳು ಹೊಕ್ಕಿದೆಯೇ ಎಂದು ನೋಡಬೇಕು. ಹೊಸದರಲ್ಲಿ ಅದು ಸಾಮಾನ್ಯವಾಗಿ ಜೋಡಣೆಯ ಸೀಲೆಂಟಿನಿಂದ ಬಂದದ್ದು. ಮುಂದಿನ ಸ್ಯಾಂಪಲ್‌ನಲ್ಲಿ ಎರಡೂ ಇಳಿದಿರಬೇಕು.

ಮೀಟರ್ 2310

300 ಕಿ.ಮೀ. ಹೊಸ ಆಯಿಲಿನಲ್ಲಿ ಓಡಿಸಿ, ಪ್ರತಿ ಬಾರಿ 500 ಆರ್‌ಪಿಎಂ ಏರಿಸುತ್ತಾ ಬಂದು, ಇಂದು ಬೆಳಿಗ್ಗೆ ಮೊದಲ ಸಲ ಪೂರ್ತಿ ಬಿಟ್ಟೆ. ಆಯಿಲ್ 95 ಡಿಗ್ರಿ, ಎರಡನೇ ಗೇರು, ಪೆಡಲ್ ನೆಲಕ್ಕೆ. 5500 ದಾಟಿದ ಮೇಲೆ ಸದ್ದಿನ ದಪ್ಪ ಕರಗಿ, ತೆಳ್ಳಗಿನ ಲೋಹದ ದನಿಯೊಂದು ಹೊರಬಂತು. ಇಷ್ಟು ದಿನ ಈ ಕಾರಿನೊಳಗೆ ಅದು ಇದೆ ಅಂತಲೇ ನನಗೆ ತಿಳಿದಿರಲಿಲ್ಲ. 7000ಕ್ಕೆ ಕಾಲು ತೆಗೆದು ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನಂತೆ ನಿಂತಿತು.

ಮನೆಗೆ ಬಂದು ಎಂಜಿನ್ ತಣಿಯುವವರೆಗೆ ಕಾದು ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮಟ್ಟ ಮೀಟರ್ 2004ರಲ್ಲಿ ತುಂಬಿದಲ್ಲೇ ಇದೆ.