ಎಕ್ಸ್‌ಪ್ರೆಸ್‌ವೇ ಬಿಟ್ಟು ಜಾನಪದ ಲೋಕಕ್ಕೆ

ಮೈಸೂರಿಗೆ ಹೋಗುವಾಗ ರಾಮನಗರ ದಾಟಿದ ಮೇಲೆ ಜಾನಪದ ಲೋಕ ಅನ್ನುವ ಮ್ಯೂಸಿಯಂ ಹತ್ತಿರ ಗಾಡಿ ನಿಲ್ಲಿಸದ ಬೆಂಗಳೂರಿನವರು ಒಂದು ಕಾಲಕ್ಕೆ ಕಮ್ಮಿ. ನಿಲ್ಲಿಸುತ್ತಿದ್ದದ್ದು ಜಾನಪದಕ್ಕಲ್ಲ ಬಿಡಿ, ಪಕ್ಕದ ಕಾಮತ್ ಲೋಕರುಚಿಯ ತಿಂಡಿಗೆ. ತಿಂದು ಕೈ ತೊಳೆದು, ಆ ಕಡೆ ಒಂದು ಕಣ್ಣು ಹಾಯಿಸಿ, "ವಾಪಸ್ ಬರುವಾಗ ನೋಡೋಣ" ಅಂತ ಕಾರು ಹತ್ತುವುದು. ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬೈಪಾಸ್ ಬಂದು ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟಿತು. ಜಾನಪದ ಲೋಕ, ಲೋಕರುಚಿ, ಗೊಂಬೆ ಅಂಗಡಿಗಳು ಎಲ್ಲ ಹಳೇ ರಸ್ತೆಯಲ್ಲೇ ಉಳಿದವು. ದಾರಿಯ ವ್ಯಾಪಾರ ನಂಬಿದವರಿಗೆ ಇದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಆದರೆ ನಮಗೆ ಆದದ್ದು ಬೇರೆ. ದಾರಿಯಲ್ಲಿ ಸಿಗುತ್ತಿದ್ದಾಗ ನೋಡದ ಜಾಗವನ್ನು, ದಾರಿ ತಪ್ಪಿದ ಮೇಲೆ ನೋಡಲು ಶುರು ಮಾಡಿದೆವು. ಈಗ ಅಲ್ಲಿಗೆ ಹೋಗಬೇಕು ಅಂತಲೇ ಹೋಗಬೇಕು. ಮೈಸೂರು ತಲುಪುವ ಅವಸರ ಇಲ್ಲ, ಹಾಗಾಗಿ ಅರ್ಧ ದಿನ ಆರಾಮಾಗಿ ಕಳೆಯಬಹುದು.

ನಾವು ಹೋಗುವುದು ಎರಡು ಮನೆಯವರು ಸೇರಿ. ನಾವು, ಮಕ್ಕಳು, ನನ್ನ ಗೆಳತಿ, ಅವಳ ಮನೆಯವರು, ಜೊತೆಗೆ ಅವಳ ಅತ್ತೆ. ಅತ್ತೆಯವರು ಗದಗದ ಕಡೆಯವರು. ಮೊದಲ ಸಲ ಅವರು ಬರುತ್ತೇನೆ ಅಂದಾಗ, ಅಷ್ಟೊಂದು ನಡೆಯುವುದು ಅವರಿಗೆ ಕಷ್ಟ ಆಗಬಹುದೇನೋ ಅಂದುಕೊಂಡಿದ್ದೆವು. ಈಗ ಅವರಿಲ್ಲದೆ ಹೊರಡುವುದೇ ಇಲ್ಲ.

ಬೆಳಗ್ಗೆ ಬೇಗ ಹೊರಟರೆ ಬಿಡದಿಯಲ್ಲಿ ತಟ್ಟೆ ಇಡ್ಲಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಅವರವರ ಅಂಗಡಿ ಇರುತ್ತದೆ. ಅಲ್ಲಿಂದ ಮುಂದೆ ಹಳೇ ರಸ್ತೆ ಹಿಡಿದರೆ ರಾಮನಗರದ ಬಂಡೆ ಬೆಟ್ಟಗಳು ಕಾಣುತ್ತವೆ. ಊರು ದಾಟಿ ಮೂರ್ನಾಲ್ಕು ಕಿಲೋಮೀಟರ್ ಹೋದರೆ ಜಾನಪದ ಲೋಕ. ಬೆಂಗಳೂರಿನಿಂದ ಸುಮಾರು 53 ಕಿ.ಮೀ. ಕಾರು ಇಲ್ಲದವರು ರಾಮನಗರದವರೆಗೆ ರೈಲಿನಲ್ಲಿ ಬಂದು ಆಟೋ ಹಿಡಿಯಬಹುದು. ಮಂಗಳವಾರ ರಜೆ, ಅದೊಂದು ನೆನಪಿರಲಿ.

ಇಷ್ಟೆಲ್ಲ ಕಟ್ಟಿದ್ದು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೇರಗನಹಳ್ಳಿಯವರು, 1915ರಲ್ಲಿ ಹುಟ್ಟಿದವರು, ಐಎಎಸ್ ಅಧಿಕಾರಿಯಾಗಿದ್ದವರು. ಸರ್ಕಾರಿ ಕೆಲಸದಲ್ಲಿ ಊರೂರು ಸುತ್ತುವ ಅಧಿಕಾರಿಗಳು ಬೇಕಾದಷ್ಟು ಜನ. ಇವರು ಸುತ್ತಿದ ಕಡೆ ಹಾಡು, ಕಥೆ ಸಂಗ್ರಹಿಸಿಕೊಂಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರುವಾಯಿತು. 15 ಎಕರೆ ಜಾಗದಲ್ಲಿ ಜಾನಪದ ಲೋಕ ಎದ್ದು 1994ರಲ್ಲಿ ಉದ್ಘಾಟನೆಯಾಯಿತು. ಆಗ ಗೌಡರಿಗೆ ಎಂಬತ್ತರ ಹತ್ತಿರ. ಮರುವರ್ಷ ಮುಧೋಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಿಟೈರ್ ಆದ ಮೇಲೆ ಏನು ಮಾಡುವುದು ಅಂತ ನಮ್ಮ ಯಜಮಾನರು ಈಗಿನಿಂದಲೇ ಚಿಂತೆ ಮಾಡುತ್ತಿರುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಇದೂ ಒಂದು ಕಾರಣ.

ಒಳಗೆ ಹೋದರೆ ಮಕ್ಕಳು ಮೊದಲು ಓಡುವುದು ಲೋಕಮಹಲ್‌ಗೆ. ಎರಡು ಅಂತಸ್ತಿನ ಕಟ್ಟಡ. ಯಕ್ಷಗಾನದ ವೇಷಗಳು, ಸೋಮನ ಕುಣಿತದ ದೊಡ್ಡ ಮುಖವಾಡಗಳು, ತೊಗಲು ಗೊಂಬೆಗಳು. ಸೋಮನ ಮುಖ ನೋಡಿ ಗೆಳತಿಯ ಚಿಕ್ಕ ಮಗಳು ಅಪ್ಪನ ಹಿಂದೆ ಅವಿತುಕೊಂಡಳು. ಕೆಂಪು ಮುಖ, ಹೊರಗೆ ಬಂದ ಕಣ್ಣು, ಹೆದರಬೇಕಾದ್ದೇ.

ನನಗೆ ಇಷ್ಟ ತೊಗಲು ಗೊಂಬೆ. ಸುಮ್ನೆ ಗೋಡೆಗೆ ಹಾಕಿದಾಗ ಅದು ಬಣ್ಣ ಬಳಿದ ಚರ್ಮ, ಅಷ್ಟೇ. ಚರ್ಮವನ್ನು ಬೆಳಕು ತೂರಿ ಬರುವಷ್ಟು ತೆಳ್ಳಗೆ ಹದ ಮಾಡಿರುತ್ತಾರೆ. ಒಡವೆ, ಸೀರೆಯ ಅಂಚು ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಿದ್ದರೆ ಆ ತೂತುಗಳೇ ಒಡವೆಯಾಗಿ ಹೊಳೆಯುತ್ತವೆ. ಈ ಕಲೆಗೆ 2025ರಲ್ಲಿ ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ಲ, ಅವರಿಗೆ ಆಗ ತೊಂಬತ್ತು ದಾಟಿತ್ತು. ಅದನ್ನು ಹೇಳಿದ್ದಕ್ಕೆ ನನ್ನ ಮಗ ಕೇಳಿದ, "ಅಷ್ಟು ದಿನ ಯಾಕೆ ಕೊಟ್ಟಿರ್ಲಿಲ್ಲ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ಲೋಕಮಾತಾ ಮಂದಿರಕ್ಕೆ ಹೋದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅದು ಮನೆಯ ಸಾಮಾನಿನ ಜಾಗ. ಒರಳು, ಒನಕೆ, ಬೀಸುವ ಕಲ್ಲು, ಕಾಳು ತುಂಬುವ ವಾಡೆ, ಅಳತೆಯ ಪಾತ್ರೆ. ಇಲ್ಲಿ ಬೋರ್ಡು ಓದುವ ಕೆಲಸ ಇಲ್ಲ, ಅತ್ತೆಯವರು ಇದ್ದಾರಲ್ಲ. ಮಕ್ಕಳಿಗೆ ಚಟಾಕಿನಿಂದ ಶುರು ಮಾಡಿ ಲೆಕ್ಕ ಹೇಳಿಕೊಟ್ಟರು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ನನ್ನ ಮಗ ಬೆರಳು ಮಡಚಿ, "ಹಾಗಾದ್ರೆ ಸೇರಿಗೆ ಹದಿನಾರು ಚಟಾಕು" ಅಂದ. "ಶಾಣ್ಯಾ ಅದಿ" ಅಂತ ತಲೆ ಸವರಿದರು. ಬೀಸುವ ಕಲ್ಲಿನ ಹತ್ತಿರ ಮಾತ್ರ ಅವರು ಬಹಳ ಹೊತ್ತು ನಿಲ್ಲಲಿಲ್ಲ. ಗೆಳತಿ, "ಅತ್ತಿ, ಬೀಸೋ ಪದ ಒಂದು ಹಾಡ್ರಿ" ಅಂತ ಒತ್ತಾಯ ಮಾಡಿದಳು. "ಬೀಸಿ ಬೀಸಿ ರಟ್ಟಿ ಬಿದ್ದು ಹೋಗ್ಯಾವ, ಮತ್ತ ಹಾಡೂ ಬೇಕೇನು ನಿನಗ?" ಅಂದು ಮುಂದೆ ನಡೆದರು. ಹಳೆಯದೆಲ್ಲ ಚೆಂದ ಅನ್ನುವ ನಮ್ಮಂಥವರು ಈ ಮಾತನ್ನು ಆಗಾಗ ಕೇಳಿಸಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಆಯಗಾರಮಾಲೆಯಲ್ಲಿ ಕುಂಬಾರ, ಕಮ್ಮಾರ, ಬಡಗಿ, ಅಕ್ಕಸಾಲಿಗರ ಉಪಕರಣಗಳಿವೆ. ಯಜಮಾನರಿಗೆ ಅದು ಬಹಳ ಇಷ್ಟ, ನಾನು ಬೇಗ ಮುಗಿಸುತ್ತೇನೆ. ಶಿಲ್ಪಮಾಲೆಯ ವೀರಗಲ್ಲುಗಳ ಹತ್ತಿರ ಮಕ್ಕಳನ್ನು ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ನೋಡಿ ಅಂತ ಹೇಳಬೇಕು. ಕೆಳಗೆ ವೀರ ಹೋರಾಡುತ್ತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ. ಒಂದು ಸಲ ಓದುವ ಬಗೆ ಗೊತ್ತಾದರೆ ಆಮೇಲೆ ಯಾವ ಊರಿನ ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೂ ಮಕ್ಕಳೇ ಕಥೆ ಹೇಳುತ್ತಾರೆ.

ಈ ಸಲ ಸಿಕ್ಕಿದ ದೊಡ್ಡ ಮಜಾ ಕಟ್ಟಡಗಳ ಒಳಗಿರಲಿಲ್ಲ. ಬಯಲು ರಂಗಮಂದಿರದ ಹತ್ತಿರ ಕೆಲವು ಹುಡುಗರು ತಮಟೆ ಹಿಡಿದು ನಿಂತಿದ್ದರು. ಬಾರಿಸುತ್ತಾರೆ ಅಂತ ಮಕ್ಕಳು ಕಾದರೆ, ಅವರು ಒಣಗಿದ ಎಲೆ, ಪೇಪರ್ ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ತಮಟೆಯನ್ನು ಬೆಂಕಿಯ ಮೇಲೆ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಬಂದರು. ನಡುನಡುವೆ ಬೆರಳಲ್ಲಿ ತಟ್ಟಿ ನೋಡುವುದು, ಮತ್ತೆ ಕಾಯಿಸುವುದು. ಮೊದಲು ದೊಬ್ ದೊಬ್ ಅನ್ನುತ್ತಿದ್ದ ಚರ್ಮ, ಬಿಸಿ ಏರಿ ಬಿಗಿಯಾದ ಹಾಗೆ ಠಣ್ ಅನ್ನತೊಡಗಿತು. ತಂಪು ಹವೆಗೆ ಚರ್ಮ ಸಡಿಲ ಆಗುತ್ತದಂತೆ, ಮಳೆಗಾಲದಲ್ಲಿ ಇದೇ ದೊಡ್ಡ ಕೆಲಸವಂತೆ. ಒಬ್ಬ ಹುಡುಗ ನನ್ನ ಮಗನ ಕೈಗೆ ಎರಡು ಕಡ್ಡಿ ಕೊಟ್ಟ. ಒಂದು ಉದ್ದ, ತೆಳ್ಳಗೆ. ಇನ್ನೊಂದು ಗಿಡ್ಡ, ದಪ್ಪ. ಎರಡು ಕೈಯಲ್ಲಿ ಎರಡು ಬೇರೆ ಪೆಟ್ಟು ಬೀಳಬೇಕು. ಇವನಿಗೆ ಒಂದೂ ಸರಿ ಬೀಳಲಿಲ್ಲ, ಆದರೆ ಕಡ್ಡಿ ವಾಪಸ್ ಕೊಡಲು ಮನಸ್ಸಿರಲಿಲ್ಲ. ಆಮೇಲೆ ಅವರು ಬಾರಿಸಿ ಕುಣಿದರು ನೋಡಿ, ನಮ್ಮ ಯಜಮಾನರ ಕಾಲೂ ಸುಮ್ಮನಿರಲಿಲ್ಲ. ಮದುವೆ ಮೆರವಣಿಗೆಯಲ್ಲೂ ಕುಣಿಯದ ಮನುಷ್ಯ!

ಊಟ ಮೊದಲೋ ನೋಡುವುದು ಮೊದಲೋ ಅಂತ ನಮ್ಮಲ್ಲಿ ಪ್ರತಿ ಸಲ ಜಗಳ. ನನ್ನ ಓಟು ನೋಡುವುದಕ್ಕೆ. ಮೊದಲೇ ಊಟ ಮಾಡಿದರೆ ಬಿಸಿಲಲ್ಲಿ ಕಣ್ಣು ಎಳೆಯುತ್ತದೆ, ವೀರಗಲ್ಲಿನ ಹತ್ತಿರ ಹೋಗುವಷ್ಟರಲ್ಲಿ ಎಲ್ಲರೂ ಆಕಳಿಸುತ್ತಿರುತ್ತಾರೆ. ತಿರುಗಿ ತಿರುಗಿ ಹಸಿದ ಮೇಲೆ ಲೋಕರುಚಿಗೆ ಬಂದರೆ ಜೋಳದ ರೊಟ್ಟಿ ಊಟಕ್ಕೆ ಸರಿಯಾದ ಹೊಟ್ಟೆ ಇರುತ್ತದೆ.

ಹಳೇ ಮೈಸೂರು ಸೀಮೆಯ ನಟ್ಟನಡುವೆ ಉತ್ತರ ಕರ್ನಾಟಕದ ಊಟ, ಅದೇ ಒಂದು ತಮಾಷೆ ಅಲ್ವಾ? ಸುತ್ತ ರಾಗಿ ಹೊಲ, ಎಲೆ ಮೇಲೆ ಜೋಳದ ರೊಟ್ಟಿ. ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ ಪುಡಿ, ಮೊಸರು. ನಾವೆಲ್ಲ ತಿನ್ನಲು ಶುರು ಮಾಡಿದರೂ ಅತ್ತೆಯವರು ಕೈ ಹಾಕಲಿಲ್ಲ. ಮೊದಲು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಂಚು ಮುರಿದರು. ಪದರ ಬಿಟ್ಟಿದೆಯಾ ಅಂತ ಬಿಡಿಸಿದರು. "ಅಂಚು ಸ್ವಲ್ಪ ದಪ್ಪ ಆಗೇತಿ. ಆದ್ರ ಹದ ಗೊತ್ತೈತಿ ಬಡದಾಕಿಗೆ" ಅಂದರು. ಪಾಸ್ ಆಯಿತು ಅಂತ ಗೆಳತಿ ನನಗೆ ಕಣ್ಣು ಹೊಡೆದಳು. ಎಣ್ಣೆಗಾಯಿಗೆ ಗುರೆಳ್ಳು ಇನ್ನಷ್ಟು ಬೇಕಿತ್ತು ಅನ್ನುವುದು ಅವರ ತಕರಾರು. ಇನ್ನೊಂದು ರೊಟ್ಟಿಗೆ ಕೈ ಎತ್ತಿ ಕರೆದವರೂ ಅವರೇ.

ಮಕ್ಕಳಿಗೆ ರೊಟ್ಟಿ ಬೇಡ, ದೋಸೆ ಬೇಕು. ಇಲ್ಲಿಗೆ ಬಂದು ಮಸಾಲೆ ದೋಸೆಯಾ ಅಂತ ನಾನು ಗೊಣಗಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರಿಗೂ ಅವಸರ ಇರಲಿಲ್ಲ, ಗಡಿಯಾರ ನೋಡಲಿಲ್ಲ, ಮೈಸೂರು ಇನ್ನೆಷ್ಟು ದೂರ ಅಂತ ಕೇಳಲಿಲ್ಲ. ಪಕ್ಕದ ಟೇಬಲ್ಲಿನಲ್ಲೂ ಎರಡು ಸಂಸಾರ ಹೀಗೇ ಕೂತು ಹರಟುತ್ತಿತ್ತು. ಭಾನುವಾರದ ಮಧ್ಯಾಹ್ನ ಕಳೆಯಲು ಬೆಂಗಳೂರಿನ ಮಾಲ್‌ಗಿಂತ ಇದು ಎಷ್ಟೋ ವಾಸಿ. ಹೋಗಿ ಬರುವ ಪೆಟ್ರೋಲ್ ಸೇರಿಸಿದರೂ ಖರ್ಚು ಕಮ್ಮಿಯೇ.

ಊಟ ಆದ ಮೇಲೆ ಬೆಂಗಳೂರಿನ ಕಡೆ ತಿರುಗುವ ಬದಲು ಚನ್ನಪಟ್ಟಣದ ಕಡೆ ಹೊರಟೆವು. ಹತ್ತಿರವೇ ಇದೆ. ಅಲ್ಲಿ ಗೊಂಬೆ ಮಾಡುವುದು ಆಲೆ ಮರದಲ್ಲಿ. ಮರದ ತುಂಡು ಗರಗರ ತಿರುಗುವಾಗ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿಯಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ. ಈ ಬಣ್ಣಕ್ಕೆ ಬ್ರಷ್ ಬೇಕಿಲ್ಲ. ರಸ್ತೆ ಪಕ್ಕದ ಅಂಗಡಿಗಳಲ್ಲಿ ಮಾತ್ರ ನೋಡಿ ತಗೊಳ್ಳಬೇಕು, ಪ್ಲಾಸ್ಟಿಕ್ ಆಟಿಕೆಗಳೂ ಅದೇ ಸಾಲಿನಲ್ಲಿ ಕೂತಿರುತ್ತವೆ.

ಗೆಳತಿಯ ಮಗಳು ಬುಗುರಿ ಹಿಡಿದಳು. ನನ್ನ ಮಗ ತಮಟೆ ಇದೆಯಾ ಅಂತ ಕೇಳಿದ. ಅಂಗಡಿಯವರು ನಕ್ಕು, ಇಲ್ಲ ಅಂದರು. ಅತ್ತೆಯವರು ಒಂದು ಲಟ್ಟಣಿಗೆ ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿ ನೋಡಿದರು. "ರೊಟ್ಟಿ ಬಡಿಯಾಕ ಇದು ಬ್ಯಾಡ, ಚಪಾತಿಗೆ ಆಕ್ಕೈತಿ" ಅಂತ ಸೊಸೆಯ ಕೈಗೆ ಕೊಟ್ಟು, ಬೆಲೆ ಎಷ್ಟು ಅಂತ ಚೌಕಾಸಿಗೆ ನಿಂತರು.